ನಿಡುಗಲ್ ಸೀಮೆಯ ಸಣ್ಣ ಹಿಡುವಳಿಯಲ್ಲಿ ಕುರಿ, ಮೇಕೆ ಮತ್ತು ಹಸುಗಳ ದೈನಂದಿನ ಪಾಲನೆ

ಪಾವಗಡ ತಾಲ್ಲೂಕಿನ ನಿಡುಗಲ್ ಬೆಟ್ಟದ ಸುತ್ತಲಿನ ಸೀಮೆ, ಅಂದರೆ ಪಾವಗಡ, ಶಿರಾ, ಮಧುಗಿರಿ ಮತ್ತು ಕೊರಟಗೆರೆ ತಾಲ್ಲೂಕುಗಳು, ಕರ್ನಾಟಕದ ಮಧ್ಯ ಒಣ ವಲಯಕ್ಕೆ ಸೇರುತ್ತವೆ. ಈ ವಲಯದ ವಾರ್ಷಿಕ ಮಳೆ 456ರಿಂದ 717 ಮಿ.ಮೀ. ಮಾತ್ರ. ಅದರಲ್ಲಿಯೂ ಹೆಚ್ಚಿನ ಭಾಗ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬೀಳುತ್ತದೆ. ರಾಗಿ, ಕಡಲೆಕಾಯಿ, ತೊಗರಿ ಇಲ್ಲಿನ ಖುಷ್ಕಿ ಬೆಳೆಗಳು. ಮಳೆ ಕೈಕೊಟ್ಟ ವರ್ಷ ಮನೆಯ ಖರ್ಚನ್ನು ತೂಗಿಸುವುದು ರೊಪ್ಪದಲ್ಲಿರುವ ಹತ್ತಿಪ್ಪತ್ತು ಕುರಿಗಳೇ. ಆದ್ದರಿಂದ ಒಂದೇ ವಾರದಲ್ಲಿ ಐದಾರು ಕುರಿ ಸತ್ತರೆ ಆ ಕುಟುಂಬ ಮುಂದಿನ ಬಿತ್ತನೆಗೆ ಸಾಲ ಮಾಡಬೇಕಾಗುತ್ತದೆ. ಎರಡರಿಂದ ನಾಲ್ಕು ಎಕರೆ ಜಮೀನು, ಹದಿನೈದು ಇಪ್ಪತ್ತು ಕುರಿ, ನಾಲ್ಕೈದು ಮೇಕೆ, ಒಂದೆರಡು ಹಸು ಇರುವ ಕುಟುಂಬವನ್ನು ಗಮನದಲ್ಲಿರಿಸಿಕೊಂಡು ಈ ಲೇಖನವನ್ನು ಸಿದ್ಧಪಡಿಸಲಾಗಿದೆ.

ಬೆಳಗಿನ ತಪಾಸಣೆ

ರೊಪ್ಪದ ಬಾಗಿಲು ತೆರೆಯುವ ಮೊದಲು ಎರಡು ನಿಮಿಷ ಹೊರಗೇ ನಿಂತು ಮಂದೆಯನ್ನು ನೋಡಬೇಕು. ಆರೋಗ್ಯವಾಗಿರುವ ಕುರಿ ಮನುಷ್ಯನ ಸದ್ದಿಗೆ ಎದ್ದು ಬಾಗಿಲ ಕಡೆ ನುಗ್ಗುತ್ತದೆ. ಏಳದೆ ಮಲಗಿರುವುದು, ಮೂಲೆ ಸೇರಿರುವುದು, ತಲೆ ತಗ್ಗಿಸಿರುವುದು, ಬಾಲದ ಸುತ್ತ ಹಿಕ್ಕೆ ಮೆತ್ತಿಕೊಂಡಿರುವುದು, ಮೂಗಿನಲ್ಲಿ ಗಟ್ಟಿ ಸಿಂಬಳ ಇರುವುದು, ಕುಂಟುವುದು ಇವುಗಳಲ್ಲಿ ಯಾವುದು ಕಂಡರೂ ಆ ಕುರಿಯನ್ನು ಅಂದು ಮಂದೆಯೊಡನೆ ಬಿಡಬಾರದು. ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡುವ ರೂಢಿಯನ್ನೂ ಬೆಳೆಸಿಕೊಳ್ಳಬೇಕು. ಒಳಭಾಗ ಕೆಂಪಗಿರಬೇಕು, ಬಿಳಿಚಿಕೊಂಡಿದ್ದರೆ ಜಂತುಹುಳು ರಕ್ತ ಹೀರುತ್ತಿದೆ ಎಂದು ಶಂಕಿಸಿ ಹಿಕ್ಕೆಯನ್ನು ಪರೀಕ್ಷೆಗೆ ಕೊಡಬೇಕು.

ಹಸುವಿನ ಕೆಲಸ ಇದಕ್ಕೂ ಮೊದಲು ಮುಗಿದಿರುತ್ತದೆ. ಸೆಗಣಿ ಬಾಚಿ, ಕೆಚ್ಚಲು ತೊಳೆದು ಒಣಬಟ್ಟೆಯಿಂದ ಒರೆಸಿ, ಮೊದಲ ಒಂದೆರಡು ಧಾರೆಯನ್ನು ಕಪ್ಪು ಬಟ್ಟೆಯ ಮೇಲೆ ಕರೆದು ನೋಡಿದರೆ ಕೆಚ್ಚಲುಬಾವಿನ ಗರಣೆಗಳು ಬೇಗ ಪತ್ತೆಯಾಗುತ್ತವೆ. ಕರೆದ ನಂತರ ಅರ್ಧ ಗಂಟೆ ಹಸು ಮಲಗದಂತೆ ಗೋದಲಿಗೆ ಮೇವು ಹಾಕಬೇಕು, ಏಕೆಂದರೆ ಮೊಲೆತೊಟ್ಟಿನ ರಂಧ್ರ ಮುಚ್ಚಲು ಅಷ್ಟು ಸಮಯ ಬೇಕು. ಕಲಗಚ್ಚು ಕುಡಿಸುವುದಾದರೆ ಹಳಸಿದ ಅನ್ನವನ್ನು ಅದಕ್ಕೆ ಹೆಚ್ಚಾಗಿ ಬೆರೆಸಬಾರದು. ಮದುವೆ, ಜಾತ್ರೆಗಳ ಮರುದಿನ ಹಸುಗಳಿಗೆ ಹುಳಿ ಅಜೀರ್ಣವಾಗುವುದು ಬಹುಪಾಲು ಇದರಿಂದಲೇ.

ಮೇಯಿಸುವ ಹೊತ್ತು ಮತ್ತು ಸ್ಥಳ

ಮಳೆಗಾಲದಲ್ಲಿ ಇಬ್ಬನಿ ಆರುವ ಮೊದಲು ಕುರಿಗಳನ್ನು ಹುಲ್ಲಿಗೆ ಬಿಡಬಾರದು. ಜಂತುಹುಳುವಿನ ಮರಿಗಳು ತೇವವಿರುವಾಗ ಹುಲ್ಲಿನ ಎಸಳಿನ ತುದಿಗೆ ಏರಿರುತ್ತವೆ. ಕೆರೆ ಅಂಗಳದ ಹಸಿರು ಕಣ್ಣಿಗೆ ಹಿತವಾದರೂ ಅಲ್ಲಿನ ಬಸವನಹುಳುಗಳಿಂದ ಯಕೃತ್ತಿನ ಚಪ್ಪಟೆ ಹುಳು ಮಂದೆಗೆ ಅಂಟುತ್ತದೆ. ಬೇರೆ ಮೇವು ಇರುವವರೆಗೆ ನೀರಂಚಿನಿಂದ ದೂರ ಮೇಯಿಸುವುದು ಸೂಕ್ತ.

ಗೋಮಾಳಗಳು ಕಿರಿದಾಗುತ್ತಿರುವುದನ್ನು ಈ ಸೀಮೆಯ ರೈತರಿಗೆ ಹೇಳಬೇಕಾಗಿಲ್ಲ. ಪಾವಗಡದ ತಿರುಮಣಿ ಭಾಗದಲ್ಲಿ ಸುಮಾರು 13,000 ಎಕರೆ ವ್ಯಾಪ್ತಿಯ ಸೌರ ವಿದ್ಯುತ್ ಪಾರ್ಕ್ ಬಂದ ಮೇಲೆ ಅಲ್ಲಿನ ಕುರಿಗಾಹಿಗಳು ಮೇವಿಗಾಗಿ ದೂರ ನಡೆಯಬೇಕಾಗಿದೆ. ಹಾಗಾಗಿ ಬದುಗಳ ಮೇಲೆ ಗ್ಲಿರಿಸಿಡಿಯಾ, ಸುಬಾಬುಲ್, ಅಗಸೆ ಬೆಳೆಸಿ ಸಂಜೆ ರೊಪ್ಪದಲ್ಲಿ ಕಟ್ಟುಕಟ್ಟಾಗಿ ನೇತುಹಾಕುವುದು ಈಗ ಅನಿವಾರ್ಯ. ಸುಬಾಬುಲ್ ಒಟ್ಟು ಮೇವಿನ ಮೂರನೇ ಒಂದು ಭಾಗವನ್ನು ಮೀರಬಾರದು. ಬೇಸಿಗೆಯಲ್ಲಿ ಉದುರುವ ಕರಿಜಾಲಿ ಕಾಯಿ ಉತ್ತಮ ಸಸಾರಜನಕ ಆಹಾರ, ಅದನ್ನು ಆರಿಸಿ ಒಣಗಿಸಿ ಚೀಲದಲ್ಲಿಡಬಹುದು. ಕೊರಟಗೆರೆಯ ಬೆಟ್ಟದ ತಪ್ಪಲಿನಲ್ಲಿ ಲಾಂಟಾನ ಪೊದೆಗಳ ನಡುವೆ ಹಸಿದ ಹಸುಗಳನ್ನು ಬಿಡಬಾರದು. ಅದರ ಎಲೆ ತಿಂದ ಹಸುವಿನ ಯಕೃತ್ತು ಕೆಟ್ಟು, ಬಿಸಿಲಿಗೆ ಚರ್ಮ ಸುಲಿಯುತ್ತದೆ.

ಮಂದೆಯ ನಾಯಿಯನ್ನು ಪಾಲನೆಯ ಲೆಕ್ಕದಿಂದ ಹೊರಗಿಡುವುದು ನಮ್ಮಲ್ಲಿ ಸಾಮಾನ್ಯ. ತೋಳ, ಚಿರತೆಗಳ ಭಯವಿರುವ ಈ ಸೀಮೆಯಲ್ಲಿ ನಾಯಿ ಬೇಕೇ ಬೇಕು. ಆದರೆ ಕುರಿ ಒಂದೇ ಕಡೆ ಸುತ್ತುತ್ತಾ ಬೀಳುವ ರೋಗಕ್ಕೆ ಕಾರಣವಾದ ಲಾಡಿಹುಳು ಬೆಳೆಯುವುದು ನಾಯಿಯ ಕರುಳಿನಲ್ಲಿ. ಸತ್ತ ಅಥವಾ ಕೊಯ್ದ ಕುರಿಯ ತಲೆಯನ್ನು ನಾಯಿಗೆ ಹಾಕಬಾರದು. ಮೂರು ತಿಂಗಳಿಗೊಮ್ಮೆ ನಾಯಿಗೆ ಜಂತುನಾಶಕವನ್ನು, ವರ್ಷಕ್ಕೊಮ್ಮೆ ಹುಚ್ಚುರೋಗದ ಲಸಿಕೆಯನ್ನು ಕೊಡಿಸಬೇಕು.

ಮಂದೆ ಕಳೆದುಕೊಳ್ಳುವ ಮೂರು ಸಂದರ್ಭಗಳು

ಮೊದಲನೆಯದು ಹೊಸ ಚಿಗುರಿನ ಕಾಲ. ಬೇಸಿಗೆಯಿಡೀ ಒಣಮೇವು ತಿಂದ ಕುರಿ ಮೊದಲ ಮಳೆಯ ನಂತರ ಹಸಿರು ಹುಲ್ಲನ್ನು ಹೊಟ್ಟೆಬಿರಿಯ ಮೇದಾಗ, ಕರುಳಿನಲ್ಲಿ ಮೊದಲೇ ಇರುವ ಕ್ಲಾಸ್ಟ್ರಿಡಿಯಂ ಎಂಬ ರೋಗಾಣು ಏಕಾಏಕಿ ವೃದ್ಧಿಯಾಗಿ ವಿಷ ಉತ್ಪಾದಿಸುತ್ತದೆ. ಇದೇ ಕರುಳುಬೇನೆ. ಸಂಜೆ ಚೆನ್ನಾಗಿದ್ದ ಮರಿ ಬೆಳಿಗ್ಗೆ ಸತ್ತಿರುತ್ತದೆ, ಅದರಲ್ಲಿಯೂ ಮಂದೆಯ ಅತ್ಯಂತ ದಷ್ಟಪುಷ್ಟ ಮರಿಯೇ ಮೊದಲು ಸಾಯುತ್ತದೆ. ಮಾಟ, ದೃಷ್ಟಿ ಎಂಬ ಮಾತು ಹುಟ್ಟುವುದು ಈ ಕಾರಣಕ್ಕೆ. ಲಸಿಕೆಯನ್ನು ಮಳೆಗೆ ಮೊದಲೇ, ಮೇ ತಿಂಗಳಲ್ಲಿ ಹಾಕಿಸಬೇಕು. ಮೊದಲ ಬಾರಿಗೆ ಹಾಕಿಸುವ ಮಂದೆಗೆ ಹದಿನೈದು ದಿನಗಳ ಅಂತರದಲ್ಲಿ ಎರಡು ಸಲ, ನಂತರ ಪ್ರತಿ ವರ್ಷ. ಸಾವು ಆರಂಭವಾದ ಮೇಲೆ ಹಾಕಿಸಿದ ಲಸಿಕೆ ತಕ್ಷಣ ಕಾಪಾಡದು. ಅಂತಹ ಸಮಯದಲ್ಲಿ ಮಂದೆಯನ್ನು ಹಸಿರಿನಿಂದ ಹೊರತಂದು ಒಣಹುಲ್ಲಿಗೆ ತಿರುಗಿಸುವುದೇ ಮೊದಲ ಚಿಕಿತ್ಸೆ. ಚಿಗುರಿನ ದಿನಗಳಲ್ಲಿ ರಾಗಿಹುಲ್ಲನ್ನು ಅರ್ಧ ಹೊಟ್ಟೆ ತಿನ್ನಿಸಿ ನಂತರ ಮೇಯಲು ಬಿಡುವ ಹಿರಿಯರ ಪದ್ಧತಿ ಸಂಪೂರ್ಣ ವೈಜ್ಞಾನಿಕವಾದುದು.

ಎರಡನೆಯದು ಕಡಲೆಕಾಯಿ ಕಿತ್ತ ಹೊಲ. ಅಕ್ಟೋಬರ್‌-ನವೆಂಬರ್‌ನಲ್ಲಿ ಬಳ್ಳಿ ಕಿತ್ತ ನಂತರ ನೆಲದಲ್ಲಿ ಉಳಿದ ಕಾಯಿಗಳನ್ನು ಕುರಿಗಳು ಕೆದಕಿ ತಿನ್ನುತ್ತವೆ. ಒಂದೇ ದಿನ ಹೆಚ್ಚು ತಿಂದರೆ ಹೊಟ್ಟೆಯುಬ್ಬರ, ಅಜೀರ್ಣ, ಕೆಲವೊಮ್ಮೆ ಮತ್ತೆ ಕರುಳುಬೇನೆ. ಮೊದಲ ದಿನ ಅರ್ಧ ಗಂಟೆ, ಮರುದಿನ ಒಂದು ಗಂಟೆ ಎಂಬಂತೆ ಅವಧಿಯನ್ನು ವಾರವಿಡೀ ಹೆಚ್ಚಿಸುತ್ತಾ ಹೋಗಬೇಕು. ಬಳ್ಳಿಯನ್ನು ಚೆನ್ನಾಗಿ ಒಣಗಿಸದೆ ಬಣವೆ ಒಟ್ಟಿದರೆ ಬೂಷ್ಟು ಹಿಡಿಯುತ್ತದೆ. ಕಪ್ಪಾಗಿ ಮುಗ್ಗಲು ವಾಸನೆ ಬಂದ ಬಳ್ಳಿಯನ್ನು ತಿಪ್ಪೆಗೆ ಹಾಕುವುದೇ ಲೇಸು. ಗಬ್ಬದ ಕುರಿಗೂ ಹಾಲು ಕರೆಯುವ ಹಸುವಿಗೂ ಅದನ್ನು ತಿನ್ನಿಸಬಾರದು.

ಮೂರನೆಯದು ಜೋಳ. ಮಳೆ ನಿಂತು ಬಾಡಿದ ಎಳೆಯ ಜೋಳದ ಪೈರು, ಕೊಯ್ದ ಕೂಳೆಯಿಂದ ಒಡೆದ ಚಿಗುರು ಇವೆರಡರಲ್ಲಿಯೂ ಸಯನೈಡ್ ವಿಷವನ್ನು ಬಿಡುಗಡೆ ಮಾಡುವ ಅಂಶ ಅಧಿಕ. ಹಸಿದ ಹಸು ಬೇಲಿ ದಾಟಿ ತಿಂದರೆ ಕೆಲವೇ ನಿಮಿಷಗಳಲ್ಲಿ ಏದುಸಿರು ಬಿಟ್ಟು ಬೀಳಬಹುದು. ಒಸಡು ಗಾಢ ಕೆಂಪಾಗುವುದು ಇದರ ಗುರುತು. ಹೂವಾಡುವ ಮೊದಲು ಜೋಳವನ್ನು ಹಸಿಯಾಗಿ ಮೇಯಿಸಬಾರದು. ಇದಕ್ಕೆ ಪಶುವೈದ್ಯರು ಕೊಡುವ ಚುಚ್ಚುಮದ್ದು ಇದೆ, ಆದರೆ ಅವರು ತಲುಪುವಷ್ಟು ಸಮಯ ಸಿಗುವುದು ವಿರಳ.

ಇವಲ್ಲದೆ ಹಿಂಗಾರು ಮಳೆಯ ನಂತರ ನುಸಿಗಳಿಂದ ಹರಡುವ ನೀಲಿ ನಾಲಿಗೆ ರೋಗವಿದೆ. ಸಂಜೆ ರೊಪ್ಪದ ಸುತ್ತ ಬೇವಿನ ಸೊಪ್ಪಿನ ಹೊಗೆ ಹಾಕುವುದು, ನೀರು ನಿಲ್ಲದಂತೆ ನೋಡಿಕೊಳ್ಳುವುದು, ಲಸಿಕೆ ಹಾಕಿಸುವುದು ಇವು ಮೂರೂ ಒಟ್ಟಿಗೆ ನಡೆಯಬೇಕು. ಪಿ.ಪಿ.ಆರ್. ಲಸಿಕೆಯನ್ನು ಮರಿಗಳಿಗೆ ನಾಲ್ಕು ತಿಂಗಳಾದ ಮೇಲೆ ಹಾಕಿಸಿದರೆ ಮೂರು ವರ್ಷ ರಕ್ಷಣೆ ದೊರೆಯುತ್ತದೆ. ವಿಸ್ತರಣಾ ಕಾರ್ಯಕರ್ತರಿಗೆ ಒಂದು ಮಾತು: ಶಿಬಿರವನ್ನು ಬೆಳಿಗ್ಗೆ ಹತ್ತು ಗಂಟೆಗೆ ಇಟ್ಟರೆ ಹಟ್ಟಿಯಲ್ಲಿ ಒಂದು ಕುರಿಯೂ ಇರುವುದಿಲ್ಲ. ಆರೂವರೆಗೆ ಹೋಗಬೇಕು.

ನೀರು

ಪಾವಗಡ ಮೊದಲಾದ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಧಿಕವಿರುವುದು ಜನರಿಗೆ ತಿಳಿದಿದೆ. ದನಗಳೂ ಅದೇ ನೀರು ಕುಡಿಯುತ್ತವೆ ಎಂಬುದು ಮಾತ್ರ ಮರೆತುಹೋಗುತ್ತದೆ. ಹಲ್ಲಿನ ಮೇಲೆ ಕಂದು ಪಟ್ಟೆ, ವಯಸ್ಸಿಗೆ ಮೊದಲೇ ಹಲ್ಲು ಸವೆಯುವುದು, ಕಾರಣವಿಲ್ಲದ ಕುಂಟು ಇವು ಲಕ್ಷಣಗಳು. ಹಲ್ಲು, ಮೂಳೆ ಬೆಳೆಯುತ್ತಿರುವ ಕರುಗಳಿಗೆ ಹಾನಿ ಹೆಚ್ಚು. ಎಲ್ಲ ದನಗಳಿಗೂ ಒಳ್ಳೆಯ ನೀರು ಒದಗಿಸಲಾಗದಿದ್ದರೆ ಕೃಷಿಹೊಂಡ ಅಥವಾ ಕೆರೆಯ ನೀರನ್ನು ಕರುಗಳಿಗೆ ಮೊದಲು ಮೀಸಲಿಡಬೇಕು. ಕುರಿಗೆ ದಿನಕ್ಕೆ ಮೂರರಿಂದ ಐದು ಲೀಟರ್, ಹಾಲು ಕರೆಯುವ ಮಿಶ್ರತಳಿ ಹಸುವಿಗೆ ಅರವತ್ತು ಲೀಟರಿಗೂ ಮಿಗಿಲಾಗಿ ನೀರು ಬೇಕು. ನೀರಿನ ಈ ಲೆಕ್ಕ ಹೊಂದದ ಮನೆಯಲ್ಲಿ ಮೂರನೆಯ ಹಸುವಿಗೆ ಸಾಲ ತೆಗೆಯುವುದನ್ನು ನಾವು ಶಿಫಾರಸು ಮಾಡುವುದಿಲ್ಲ.

ಮರಿ ಹಾಕುವ ಕಾಲ ಮತ್ತು ಮಾರಾಟ

ಕುರಿಯ ಗರ್ಭಾವಧಿ ಸುಮಾರು 150 ದಿನಗಳು. ಏಪ್ರಿಲ್‌-ಮೇ ತಿಂಗಳಲ್ಲಿ, ಜಾಲಿಕಾಯಿ ಉದುರುವಾಗ, ಟಗರನ್ನು ಮಂದೆಗೆ ಬಿಟ್ಟರೆ ಮರಿಗಳು ಸೆಪ್ಟೆಂಬರ್‌-ಅಕ್ಟೋಬರ್‌ನಲ್ಲಿ ಹುಟ್ಟುತ್ತವೆ. ಆಗ ತಾಯಿಗೆ ಹುಲ್ಲು ಸಮೃದ್ಧ, ಹಾಲೂ ಸಮೃದ್ಧ. ಈ ಮರಿಗಳು ಯುಗಾದಿಯ ಹೊಸತೊಡಕಿನ ಹೊತ್ತಿಗೆ ಆರು ತಿಂಗಳು ತುಂಬಿ ಮಾರಾಟಕ್ಕೆ ಸಿದ್ಧವಿರುತ್ತವೆ. 25ರಿಂದ 30 ಕುರಿಗೆ ಒಂದು ಟಗರು ಸಾಕು. ಎರಡು ವರ್ಷಕ್ಕೊಮ್ಮೆ ಟಗರನ್ನು ಬೇರೆ ಊರಿನ ಮಂದೆಯೊಡನೆ ಬದಲಿಸಿಕೊಳ್ಳಬೇಕು, ಇಲ್ಲವಾದಲ್ಲಿ ಸ್ವಂತ ಮಗಳನ್ನೇ ಕೂಡಿ ಮರಿಗಳು ಕುಗ್ಗುತ್ತಾ ಹೋಗುತ್ತವೆ.

ಹುಟ್ಟಿದ ಮರಿಯ ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ, ಅರ್ಧ ಗಂಟೆಯೊಳಗೆ ಗಿಣ್ಣುಹಾಲು ಕುಡಿಸಬೇಕು. ಮೂರು ಕೆ.ಜಿ. ತೂಕದ ಮರಿಗೆ ಮೊದಲ ದಿನ ಕನಿಷ್ಠ 300 ಮಿ.ಲೀ. ಬೇಕು. ಮಳೆ ಹಿಡಿದ ರಾತ್ರಿ ಮರಿಗಳನ್ನು ಗೋಣಿತಾಟಿನ ಮರೆಯಲ್ಲಿ, ಒಣ ಹಾಸಿನ ಮೇಲೆ ಇರಿಸಬೇಕು. ಎಳೆಮರಿಗಳು ಹೆಚ್ಚಾಗಿ ಸಾಯುವುದು ಚಳಿ, ಹಸಿವು ಎರಡೂ ಸೇರಿದಾಗ.

ಕೊರಟಗೆರೆ ತಾಲ್ಲೂಕಿನ ಅಕ್ಕಿರಾಂಪುರದ ಕುರಿ ಸಂತೆಗೆ ಹೊರಡುವ ಮುನ್ನ ಮರಿಗಳನ್ನು ಮನೆಯಲ್ಲಿಯೇ ತೂಗಿ ಬರೆದಿಟ್ಟುಕೊಳ್ಳಬೇಕು. ಕಣ್ಣಂದಾಜಿನ ವ್ಯಾಪಾರದಲ್ಲಿ ತೂಕ ತಿಳಿಯದವನೇ ಕಳೆದುಕೊಳ್ಳುತ್ತಾನೆ. ಸಂತೆಯಲ್ಲಿ ಮಾರಾಟವಾಗದೆ ಮರಳಿದ ಕುರಿಯನ್ನು, ಹೊಸದಾಗಿ ಕೊಂಡ ಕುರಿಯಂತೆಯೇ, ಮೂರು ವಾರ ಪ್ರತ್ಯೇಕವಾಗಿಡಬೇಕು.

ಕುರಿಗೊಬ್ಬರದ ಆದಾಯವನ್ನು ಹಲವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇ. 0.5ರಷ್ಟಿದ್ದರೆ ಕುರಿಗೊಬ್ಬರದಲ್ಲಿ ಸುಮಾರು ಶೇ. 3 ಇರುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಮಂದೆ ನಿಲ್ಲಿಸಿದಾಗ ಗಂಜಲವೂ ನೆಲಕ್ಕೆ ಸೇರುತ್ತದೆ. ನಿಲ್ಲಿಸಿದ ನಂತರ ತಡಮಾಡದೆ ಉಳುಮೆ ಮಾಡದಿದ್ದರೆ ಸಾರಜನಕ ಬಿಸಿಲಿಗೆ ಆವಿಯಾಗುತ್ತದೆ.

ಸತ್ತ ಪ್ರಾಣಿಯ ವಿಷಯದಲ್ಲಿ

ಕುರಿ ಅಥವಾ ದನ ಏಕಾಏಕಿ ಸತ್ತು, ಮೂಗು ಇಲ್ಲವೆ ಗುದದ್ವಾರದಿಂದ ಕಪ್ಪು ರಕ್ತ ಒಸರುತ್ತಿದ್ದರೆ ಅದನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು, ಮಾಂಸವನ್ನು ಹಂಚಬಾರದು. ಅದು ಅಂಥ್ರಾಕ್ಸ್ ಆಗಿರಬಹುದು, ಮನುಷ್ಯರಿಗೂ ತಗುಲುತ್ತದೆ. ಪಶುವೈದ್ಯರು ಬರುವವರೆಗೆ ನಾಯಿ, ಕಾಗೆ ಮುಟ್ಟದಂತೆ ಮುಚ್ಚಿಡಬೇಕು. ನಂತರ ಆರು ಅಡಿ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಬೇರೆ ಕಾರಣದ ಸಾವಿನಲ್ಲಿಯೂ ಹೂಳುವ ಮೊದಲೇ ಪಶುವೈದ್ಯರಿಗೆ ತಿಳಿಸಬೇಕು. ‘ಅನುಗ್ರಹ’ ಯೋಜನೆಯ ಪರಿಹಾರಕ್ಕೆ ಅವರ ಮರಣೋತ್ತರ ಪರೀಕ್ಷೆಯ ದೃಢೀಕರಣ ಅಗತ್ಯ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ಕರೆ ಮಾಡುವ ಸಂಖ್ಯೆ 1962.