ಗ್ರಂಥಗರ್ಭದಲ್ಲಿ ಗ್ರಂಥ: ಮೂಡುಬಿದಿರೆಯ ಧವಳಾಪ್ರತಿಗಳು

ಗಣಕಯಂತ್ರಗಳಿಗೆ ತಂತ್ರಾಂಶವನ್ನು ರಚಿಸುವವರು ತಾವು ಅವಲಂಬಿಸಿರುವ ಅನ್ಯರ ತಂತ್ರಾಂಶವನ್ನು ಕೆಲವೊಮ್ಮೆ ತಮ್ಮ ಕೃತಿಯೊಳಗೇ ಅಡಕಮಾಡಿಕೊಳ್ಳುವರು. ಮೂಲವು ಮುಂದೆ ದೊರೆಯದಿದ್ದರೂ ಕೃತಿಯು ನಿಲ್ಲುವುದೆಂಬುದು ಇದರ ಲಾಭ. ಒಳಗಿನ ಪ್ರತಿಯು ಯಾರ ಅರಿವಿಗೂ ಬಾರದೆ ಮೂಲದಿಂದ ಬೇರೆಯಾಗಬಹುದೆಂಬುದು ಇದರ ಅಪಾಯ. ಇವೆರಡೂ ನಮ್ಮ ಗ್ರಂಥಪರಂಪರೆಗೆ ಹೊಸವಲ್ಲ. ಮೂಡುಬಿದಿರೆಯ ಧವಳಾಪ್ರತಿಗಳೇ ಇದಕ್ಕೆ ನಿದರ್ಶನ.

ಪುಷ್ಪದಂತ, ಭೂತಬಲಿ ಎಂಬ ಆಚಾರ್ಯರು ಪ್ರಾಕೃತದಲ್ಲಿ ರಚಿಸಿದ ಷಟ್ಖಂಡಾಗಮವು ದಿಗಂಬರ ಜೈನರಿಗೆ ಪರಮಪ್ರಮಾಣವಾದುದು. ಅದರ ಮೊದಲ ಐದು ಖಂಡಗಳಿಗೆ ರಾಷ್ಟ್ರಕೂಟರ ಕಾಲದಲ್ಲಿ ವೀರಸೇನಾಚಾರ್ಯನು ಧವಳಾ ಟೀಕೆಯನ್ನು ಬರೆದನು. ಅದು 72,000 ಶ್ಲೋಕಪ್ರಮಾಣದ್ದೆಂದು ಸಂಪ್ರದಾಯ. ವೀರಸೇನನು ಸೂತ್ರಗಳನ್ನು ಕೇವಲ ಸೂಚಿಸದೆ, ಒಂದೊಂದನ್ನೂ ಉದ್ಧರಿಸಿ ವ್ಯಾಖ್ಯಾನಿಸಿದನು. ಅವನಿಗಿಂತ ಹಿಂದೆ ಕುಂದಕುಂದ, ಸಮಂತಭದ್ರ ಮೊದಲಾದವರ ಟೀಕೆಗಳೂ, ತುಂಬುಲೂರಾಚಾರ್ಯನ ಕನ್ನಡ ವ್ಯಾಖ್ಯಾನವೂ ಇದ್ದುವೆಂದು ಇಂದ್ರನಂದಿಯ ಶ್ರುತಾವತಾರವು ತಿಳಿಸುತ್ತದೆ. ಅವೆಲ್ಲವೂ ನಷ್ಟವಾದುವು. ಕುಂದಕುಂದನದೆನ್ನುವ ಪರಿಕರ್ಮದ ಕೆಲವು ಮಾತುಗಳು ಮಾತ್ರ ಧವಳೆಯು ಉದಾಹರಿಸಿದುದರಿಂದ ಉಳಿದುಕೊಂಡಿವೆ. ಸೂತ್ರಗಳೂ ನಮಗೆ ದೊರೆತುದು ಧವಳೆಯ ಗರ್ಭದಿಂದಲೇ.

ಆ ಧವಳೆಯಾದರೂ ಶತಮಾನಗಳ ಕಾಲ ಉಳಿದುದು ಮೂಡುಬಿದಿರೆಯ ಸಿದ್ಧಾಂತ ಬಸದಿಯ ಕನ್ನಡ ಲಿಪಿಯ ತಾಳೆಯೋಲೆಗಳಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿ ಪ್ರತಿಲೇಖನಕಾರ್ಯವು ಆರಂಭವಾಯಿತು. ಪ್ರತಿಯ ಪ್ರತಿಗಳು ಉತ್ತರ ಭಾರತವನ್ನು ಸೇರಿದುವು. ಅವುಗಳ ಆಧಾರದಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಮೊದಲ ಸಂಪುಟವು ಅಮರಾವತಿಯಿಂದ ಪ್ರಕಟವಾಯಿತು.

ಇಲ್ಲಿಯೇ ಅಪಾಯವು ತಲೆದೋರಿತು. ಮನುಷ್ಯಸ್ತ್ರೀಯರನ್ನು ಕುರಿತ 93ನೆಯ ಸೂತ್ರದಲ್ಲಿ ‘ಸಂಜದ’ (ಸಂಯತ) ಎಂಬ ಪದವು ಆ ಪ್ರತಿಗಳಲ್ಲಿರಲಿಲ್ಲ. ಸ್ತ್ರೀಗೆ ಮುನಿಪದವಿಯೂ ಮುಕ್ತಿಯೂ ಉಂಟೇ ಎಂಬ ಪುರಾತನ ವಿವಾದವು ಈ ಒಂದು ಪದವನ್ನು ಮುಟ್ಟುವುದರಿಂದ ಚರ್ಚೆಯು ತೀವ್ರವಾಯಿತು. ಆದರೆ ವೀರಸೇನನು ಎತ್ತಿಕೊಂಡು ನಿರಾಕರಿಸುವ ಪೂರ್ವಪಕ್ಷವು, ಸೂತ್ರದಲ್ಲಿ ಆ ಪದವಿದ್ದರೆ ಮಾತ್ರ ಸಂಗತವಾಗುತ್ತದೆ. ಆದಕಾರಣ ಪದವು ಬಿಟ್ಟುಹೋಗಿರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಊಹಿಸಿದರು. ಮುಂದೆ ಮೂಡುಬಿದಿರೆಯ ಓಲೆಗಳೊಡನೆ ಹೋಲಿಸಲಾಗಿ ಆ ಪದವು ಅಲ್ಲಿ ದೊರೆಯಿತು.

ಒಳಗಿನ ಕೃತಿಯನ್ನು ಹೊರಗಿನ ಕೃತಿಯು ಉಳಿಸಿತು. ಒಳಗೆ ನುಸುಳಿದ ಲೋಪಕ್ಕೂ ಸಾಕ್ಷಿ ನುಡಿಯಿತು. ಆದರೆ ನಿರ್ಣಯವನ್ನು ಕೊಟ್ಟುದು ಪ್ರಾಚೀನ ಪ್ರತಿ. ಅನ್ಯರ ಕೃತಿಯನ್ನು ಗರ್ಭದಲ್ಲಿರಿಸಿಕೊಳ್ಳುವವರು ಸೂತ್ರ ಯಾವುದು, ಟೀಕೆ ಯಾವುದು ಎಂಬ ಎಲ್ಲೆಯನ್ನು ಕಾಯಬೇಕು. ಹೋಲಿಕೆಗೆ ಬೇಕಾದ ಹಳೆಯ ಪ್ರತಿಯನ್ನೂ ಕಾಯಬೇಕು. ಮುದ್ರಣವಾಯಿತೆಂದು ಓಲೆಗಳನ್ನು ಕಡೆಗಣಿಸುವುದು ತರವಲ್ಲವೆಂಬುದು ನಮ್ಮ ಅಭಿಪ್ರಾಯ.