ಕಪ್ಪಿನ ಪಕ್ಕ ಕಪ್ಪು

ಕಂಪ್ಯೂಟರಿನ ಚರಿತ್ರೆ ಅಂದ ಕೂಡಲೇ ಎಲ್ಲರೂ ಪ್ರೊಸೆಸರ್ ಕತೆ ಹೇಳ್ತಾರೆ. ಮೂಲೆಯಲ್ಲಿ ಧೂಳು ತಿನ್ನುತ್ತಾ ಕೂತಿರುವ ಪವರ್ ಸಪ್ಲೈ ನೆನಪಾಗೋದು ಅದು ಕೆಟ್ಟ ದಿನ ಮಾತ್ರ. ಆದರೆ ಯಾರೋ ತಯಾರಿಸಿದ ಈ ಡಬ್ಬ ಇನ್ಯಾರೋ ತಯಾರಿಸಿದ ಮದರ್‌ಬೋರ್ಡಿಗೆ ಸಲೀಸಾಗಿ ಹೊಂದಿಕೊಳ್ಳುತ್ತಲ್ಲ, ಅದರ ಹಿಂದೆಯೂ ಒಂದು ಚರಿತ್ರೆ ಇದೆ.

1977ರಲ್ಲಿ ಬಂದ ಆಪಲ್ 2ಕ್ಕೆ ಫ್ಯಾನ್ ಇರಲಿಲ್ಲ. ರಾಡ್ ಹೋಲ್ಟ್ ಎಂಬ ಎಂಜಿನಿಯರ್ ಅದಕ್ಕೆ ಸ್ವಿಚಿಂಗ್ ಪವರ್ ಸಪ್ಲೈ ಮಾಡಿಕೊಟ್ಟರು. ಭಾರದ ಟ್ರಾನ್ಸ್‌ಫಾರ್ಮರ್ ಬದಲು, ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್. ತೂಕ ಕಮ್ಮಿ, ಬಿಸಿಯೂ ಕಮ್ಮಿ. ಮಿಕ್ಕವರೆಲ್ಲ ಇದನ್ನೇ ಕದ್ದರು ಅಂತ ಸ್ಟೀವ್ ಜಾಬ್ಸ್ ಹೇಳ್ತಿದ್ದರು. ನನಗೆ ಈ ಮಾತು ಒಪ್ಪಿಗೆಯಿಲ್ಲ. 1960ರ ದಶಕದಲ್ಲೇ ಉಪಗ್ರಹಗಳಲ್ಲಿ ಈ ತಂತ್ರ ಬಳಕೆಯಲ್ಲಿತ್ತು. ಹೆಚ್ಚು ವೋಲ್ಟೇಜ್ ತಡೆಯುವ ಟ್ರಾನ್ಸಿಸ್ಟರುಗಳು 70ರ ದಶಕದಲ್ಲಿ ಅಗ್ಗವಾದವು, ತಂತ್ರ ಮನೆ ಕಂಪ್ಯೂಟರಿಗೂ ಇಳಿಯಿತು, ಅಷ್ಟೇ.

ನಿಜವಾದ ಕದಿಯುವಿಕೆ ನಡೆದದ್ದು ಐಬಿಎಂನಿಂದ. 1981ರ ಐಬಿಎಂ ಪಿಸಿಯ ಸಪ್ಲೈ ಬರೀ 63.5 ವ್ಯಾಟ್, 1984ರ ಎಟಿಗೆ 192 ವ್ಯಾಟ್. ತದ್ರೂಪಿ ಕಂಪ್ಯೂಟರ್ ಮಾಡಿದವರು ಮದರ್‌ಬೋರ್ಡಿನ ಜೊತೆ ಅದರ ಕನೆಕ್ಟರುಗಳನ್ನೂ ನಕಲು ಮಾಡಿದರು. ನಕಲೇ ಮುಂದೆ ನಿಯಮವಾಯಿತು, ಅದರ ದೋಷದ ಸಮೇತ. ಮದರ್‌ಬೋರ್ಡಿಗೆ ಹೋಗುವ ಪಿ8, ಪಿ9 ಅನ್ನುವ ಎರಡು ಪ್ಲಗ್ಗುಗಳೂ ನೋಡೋಕೆ ಒಂದೇ ಥರ. ಅದಲು ಬದಲಾದರೆ ಬೋರ್ಡ್ ಸುಟ್ಟುಹೋಗಬಹುದು. ಅದಕ್ಕೇ ರಿಪೇರಿಯವರ ಬಾಯಲ್ಲಿ ಒಂದೇ ಮಂತ್ರ: ಕಪ್ಪು ವೈರಿನ ಪಕ್ಕ ಕಪ್ಪು ವೈರು.

1995ರಲ್ಲಿ ಇಂಟೆಲ್ ಎಟಿಎಕ್ಸ್ ಅನ್ನುವ ಮಾನದಂಡ ತಂದ ಮೇಲೆ ಎರಡರ ಬದಲು 20 ಪಿನ್ನಿನ ಒಂದೇ ಪ್ಲಗ್ ಬಂತು. ತಿರುಗುಮುರುಗಾಗಿ ಚುಚ್ಚಿದರೆ ಒಳಗೇ ಹೋಗಲ್ಲ. ಮಂತ್ರದ ಅಗತ್ಯ ಮುಗಿಯಿತು.

ಇನ್ನೊಂದು ತಿರುವು 2000ದಲ್ಲಿ, ಪೆಂಟಿಯಂ 4 ಜೊತೆ. ಅಲ್ಲಿಯವರೆಗೆ 5 ವೋಲ್ಟ್, 3.3 ವೋಲ್ಟ್‌ಗಳ ಮೇಲೆ ಬೀಳುತ್ತಿದ್ದ ಭಾರ 12 ವೋಲ್ಟಿಗೆ ವರ್ಗವಾಯಿತು. ಎಸ್.ಪಿ. ರೋಡಿನ ಅಂಗಡಿಯಲ್ಲಿ ನಾನು ಡಬ್ಬದ ಮೇಲಿನ ದೊಡ್ಡ ಅಕ್ಷರಕ್ಕಿಂತ ಪಕ್ಕದ ಚಿಕ್ಕ ಪಟ್ಟಿಯನ್ನು ಮೊದಲು ಓದೋದು ಇದಕ್ಕೇ. 450 ವ್ಯಾಟ್ ಅಂತ ಬರೆದಿದ್ದು, 12 ವೋಲ್ಟಿನ ಸಾಲಿನಲ್ಲಿ 36 ಆಂಪ್ ಇದ್ದರೆ 432 ವ್ಯಾಟ್; ಸರಿ. ಅಲ್ಲಿ 25 ಆಂಪ್ ಅಂತಿದ್ದರೆ ಸಿಗೋದು 300 ಮಾತ್ರ. ಉಳಿದದ್ದು ಈಗಿನ ಕಂಪ್ಯೂಟರ್ ಹೆಚ್ಚು ಮುಟ್ಟದ ಸಾಲುಗಳಲ್ಲಿ ಕೂತಿರುತ್ತೆ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎಳೆಯೋದು 12 ವೋಲ್ಟನ್ನೇ.

ಹಾಗಾದರೆ ಎಲ್ಲ ಸುಗಮವಾಯ್ತಾ? ಇಲ್ಲ. ಎಟಿಎಕ್ಸ್ ನಿಗದಿ ಮಾಡಿದ್ದು ಮದರ್‌ಬೋರ್ಡಿನ ಕಡೆಯ ಪ್ಲಗ್ಗನ್ನು. ಈಗಿನ ಮಾಡ್ಯುಲರ್ ಸಪ್ಲೈಗಳಲ್ಲಿ ಕೇಬಲ್ಲಿನ ಇನ್ನೊಂದು ತುದಿಯೂ ಬಿಚ್ಚಿಬರುತ್ತೆ. ಡಬ್ಬದ ಕಡೆಯ ಆ ತುದಿಗೆ ಎಲ್ಲರೂ ಪಾಲಿಸುವ ನಿಯಮವೇ ಇಲ್ಲ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ವೈರುಗಳ ಕ್ರಮ ಬೇರೆ ಇರಬಹುದು. ಪ್ಲಗ್ ಮಾತ್ರ ನೀಟಾಗಿ ಕೂರುತ್ತೆ! ಹಳೇ ಕೇಬಲ್ ಕೇಸಿನೊಳಗೆ ಚೆಂದವಾಗಿ ಕಟ್ಟಿಟ್ಟಿದೆ, ಇರಲಿ ಬಿಡು ಅನ್ನಿಸೋದು ಸಹಜ. ಆದರೆ 5 ವೋಲ್ಟ್ ಬರಬೇಕಾದಲ್ಲಿ 12 ಬಂದರೆ ಹಾರ್ಡ್ ಡಿಸ್ಕ್ ಹೋಯ್ತು, ಜೊತೆಗೆ ಹತ್ತು ವರ್ಷದ ಫೋಟೋಗಳೂ.

ಅಂದರೆ ಪಿ8-ಪಿ9 ಕಾಲದ ಅಪಾಯ ಪೂರ್ತಿ ಹೋಗಿಲ್ಲ, ಕೇಬಲ್ಲಿನ ಆ ತುದಿಯಿಂದ ಈ ತುದಿಗೆ ಬಂದಿದೆ. ಈಗ ವೈರುಗಳೆಲ್ಲ ಕಪ್ಪೇ ಆದ್ದರಿಂದ ಹಳೇ ಮಂತ್ರ ಕೆಲಸಕ್ಕೆ ಬರಲ್ಲ. ಡಬ್ಬ ಬದಲಿಸಿದರೆ ಹಳೇ ಕೇಬಲ್‌ಗಳನ್ನೆಲ್ಲ ಕಿತ್ತು, ಹೊಸ ಡಬ್ಬದ ಜೊತೆ ಬಂದವನ್ನೇ ಹಾಕಿ. ಅರ್ಧ ಗಂಟೆ ಹೆಚ್ಚು ಹಿಡಿಯುತ್ತೆ, ಹಿಡೀಲಿ.