ಪರರ ಓಲೆ

ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಬರುವ ಚಂದ್ರಹಾಸನ ಕಥೆಯನ್ನು ಅರಿಯದ ಕನ್ನಡಿಗರು ವಿರಳ. ಕುಂತಳದೇಶದ ಮಂತ್ರಿ ದುಷ್ಟಬುದ್ಧಿಯು ಚಂದ್ರಹಾಸನನ್ನು ಕೊಲ್ಲಿಸುವ ಓಲೆಯನ್ನು ಬರೆದು, ಅದನ್ನು ಚಂದ್ರಹಾಸನ ಕೈಯಲ್ಲೇ ಕೊಟ್ಟು ತನ್ನ ಮಗ ಮದನನ ಬಳಿಗೆ ಕಳುಹಿಸುತ್ತಾನೆ. ಇವನಿಗೆ ವಿಷವನ್ನು ಕೊಡು ಎಂಬುದು ಒಕ್ಕಣೆಯ ಸಾರ. ದಾರಿ ನಡೆದು ದಣಿದ ಹುಡುಗನು ಊರ ಹೊರಗಿನ ಉಪವನದಲ್ಲಿ ಮಲಗಿ ನಿದ್ರೆಹೋದಾಗ ಮಂತ್ರಿಯ ಮಗಳು ವಿಷಯೆ ಅಲ್ಲಿಗೆ ಬರುತ್ತಾಳೆ, ಓಲೆಯನ್ನು ಬಿಚ್ಚಿ ಓದುತ್ತಾಳೆ, ಅಕ್ಷರವನ್ನು ತಿದ್ದುತ್ತಾಳೆ. ವಿಷ ಹೋಗಿ ವಿಷಯೆಯಾಗುತ್ತದೆ, ಮರಣ ಹೋಗಿ ಮದುವೆಯಾಗುತ್ತದೆ. ಗಮಕಿಗಳು ಈ ಪ್ರಸಂಗವನ್ನು ವಾಚಿಸುವಾಗ ಸಭೆಗೆ ಸಭೆಯೇ ಹಿಗ್ಗುತ್ತದೆ.

ಈ ಭಾಗವನ್ನು ಪಾಠ ಹೇಳುವಾಗ ನಾನು ಹುಡುಗರಿಗೆ ಒಂದು ಪ್ರಶ್ನೆ ಹಾಕುವುದುಂಟು: ತಂದೆಯು ತನ್ನ ಸೋದರನಿಗೆ ಬರೆದ ಕಾಗದವನ್ನು ವಿಷಯೆ ಒಡೆದು ಓದಿದ್ದು ಸರಿಯೆ? ಓದದಿದ್ದರೆ ಅವನು ಸಾಯುತ್ತಿದ್ದನಲ್ಲ ಎಂಬುದು ಎಲ್ಲ ಕಾಲದ ಹುಡುಗರ ಉತ್ತರ. ಉತ್ತರದಲ್ಲಿ ತಪ್ಪೇನೂ ಇಲ್ಲ. ಆದರೆ ಪರರ ಓಲೆಯನ್ನು ಒಡೆದವರ ಚರಿತ್ರೆಯನ್ನು ನೋಡಿದರೆ, ಅವರಲ್ಲಿ ಬಹುಪಾಲು ಜನ ಇದೇ ಮಾತನ್ನು ಹೇಳಿಕೊಂಡು ಬಂದಿರುವುದು ಕಾಣುತ್ತದೆ. ನಿಮ್ಮ ಹಿತಕ್ಕಾಗಿ ಓದಿದೆವು, ನಾಡಿನ ಕ್ಷೇಮಕ್ಕಾಗಿ ಓದಿದೆವು ಎಂದು ಹೇಳಿದವರೇ ಎಲ್ಲರೂ. ವಿಷಯೆ ಓದಿದ್ದು ಒಂದೇ ಓಲೆ, ಅದೂ ಒಂದೇ ಸಲ. ಅವಳ ಹೆಸರು ಹೇಳಿಕೊಂಡು ಊರಿನ ಓಲೆಗಳನ್ನೆಲ್ಲ ಪ್ರತಿದಿನವೂ ಓದುವವರ ಮಾತೇ ಬೇರೆ.

ಓಲೆಯನ್ನು ಕದ್ದೋದುವ ವಿದ್ಯೆ ನಮ್ಮವರಿಗೂ ಹೊಸದಲ್ಲ. ವಿಶಾಖದತ್ತನ ಮುದ್ರಾರಾಕ್ಷಸ ನಾಟಕದ ಐದನೆಯ ಅಂಕದಲ್ಲಿ, ಹಿಡಿದು ತಂದ ಓಲೆಯನ್ನು ಅದರ ಮುದ್ರೆ ಕೆಡದಂತೆ ಬಿಚ್ಚಿ ತೋರಿಸಬೇಕೆಂದು ಮಲಯಕೇತು ಅಪ್ಪಣೆ ಮಾಡುತ್ತಾನೆ. ಮುದ್ರೆಯನ್ನು ಉಳಿಸಿಕೊಂಡು ಓಲೆಯನ್ನು ಒಡೆಯುವ ಕೈಚಳಕ ಆ ಕಾಲಕ್ಕೇ ಗೊತ್ತಿತ್ತೆಂದಾಯಿತು. ಕೆಂಪುನಾರಾಯಣನು 1823ರಲ್ಲಿ ಈ ಕಥೆಯನ್ನೇ ಕನ್ನಡ ಗದ್ಯದಲ್ಲಿ ಹೇಳಿ ಮುದ್ರಾಮಂಜೂಷವೆಂದು ಹೆಸರಿಟ್ಟನು. ನಮ್ಮ ಮೈಸೂರು ಸಂಸ್ಥಾನದ ಅಂಚೆಯ ಕಥೆಯೂ ಸ್ವಾರಸ್ಯವಾಗಿದೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರು ರಾಜ್ಯದಲ್ಲಿ ಕ್ರಮವಾದ ಅಂಚೆಯನ್ನು ಏರ್ಪಡಿಸಿದರು. ಇದನ್ನು ಕೊಂಡಾಡುವಾಗ ನಾವು ಅರ್ಧವನ್ನು ಮಾತ್ರ ಹೇಳುತ್ತೇವೆ. ಆ ಅಂಚೆ ಸುದ್ದಿಯನ್ನು ಒಯ್ಯುವುದಕ್ಕೆ ಮಾತ್ರವಲ್ಲ, ಸುದ್ದಿಯನ್ನು ಸಂಗ್ರಹಿಸುವುದಕ್ಕೂ ಸಾಧನವಾಗಿತ್ತೆಂದೂ, ಅಂಚೆಯ ಅಧಿಕಾರಿಗಳು ಅರಸರ ಗುಪ್ತ ಕಾರ್ಯಕರ್ತರಾಗಿ ಸೀಮೆಯ ರಹಸ್ಯಗಳನ್ನು ವರದಿ ಮಾಡುತ್ತಿದ್ದರೆಂದೂ ಮೈಸೂರಿನ ಚರಿತ್ರೆಯನ್ನು ಬರೆದ ವಿಲ್ಕ್ಸ್ ಹೇಳುತ್ತಾನೆ. ಹೈದರನ ಕಾಲದಲ್ಲಿ ಈ ಸಾಧನ ಇನ್ನೂ ಹರಿತವಾಯಿತಂತೆ. 1889ರಲ್ಲಿ ಮೈಸೂರು ಅಂಚೆ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಲೀನವಾಯಿತು.

ಐರೋಪ್ಯ ರಾಜಧಾನಿಗಳಲ್ಲಿ ಈ ಕೆಲಸಕ್ಕೆಂದೇ ಪ್ರತ್ಯೇಕ ಕೋಣೆಗಳಿದ್ದವು. ಫ್ರಾನ್ಸಿನಲ್ಲಿ ಇವಕ್ಕೆ ಕಪ್ಪು ಕೋಣೆ ಎಂದು ಹೆಸರು. ಹದಿನೆಂಟನೆಯ ಶತಮಾನದ ವಿಯೆನ್ನಾ ನಗರದ್ದು ಎಲ್ಲಕ್ಕಿಂತ ಅಚ್ಚುಕಟ್ಟು. ವಿದೇಶೀ ರಾಯಭಾರಿಗಳಿಗೆ ಬಂದ ಟಪ್ಪಾಲು ಬೆಳಿಗ್ಗೆ 7 ಗಂಟೆಗೆ ಆ ಕೋಣೆಗೆ ಹೋಗುತ್ತಿತ್ತು. ಮೇಣದ ಬತ್ತಿಯ ಶಾಖಕ್ಕೆ ಅರಗನ್ನು ಕರಗಿಸಿ, ಕಾಗದಗಳನ್ನು ಬಿಚ್ಚಿ, ಬೇಕಾದುದನ್ನು ನಕಲು ಮಾಡಿ, ಮತ್ತೆ ಮೊದಲಿನ ಹಾಗೆಯೇ ಮುದ್ರೆಯೊತ್ತಿ, 9.30ರ ಹೊತ್ತಿಗೆಲ್ಲ ಅಂಚೆಗೆ ಹಿಂದಿರುಗಿಸುತ್ತಿದ್ದರೆಂದು ಚರಿತ್ರಕಾರರು ಬರೆಯುತ್ತಾರೆ. ಓದಿಸಿಕೊಂಡವರಿಗೆ ಸುಳಿವೇ ಇಲ್ಲ.

ಸುಳಿವು ಹತ್ತಿದಾಗ ಏನಾಯಿತೆಂಬುದಕ್ಕೆ ಇಂಗ್ಲೆಂಡಿನ 1844ರ ಪ್ರಕರಣ ಸಾಕ್ಷಿ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಇಟಲಿಯ ದೇಶಭಕ್ತ ಜೋಸೆಫ್ ಮ್ಯಾಝಿನಿಯ ಹೆಸರು ನಮ್ಮ ಹಿರಿಯರಿಗೆ ಚೆನ್ನಾಗಿ ಪರಿಚಿತ. ನಮ್ಮ ಸ್ವಾತಂತ್ರ್ಯ ಚಳವಳಿಯ ಎಷ್ಟೋ ಜನ ಅವನನ್ನು ಓದಿ ಸ್ಫೂರ್ತಿ ಪಡೆದವರು. ತಾಯ್ನಾಡಿನಿಂದ ದೇಶಭ್ರಷ್ಟನಾದ ಈತ 1837ರಿಂದ ಲಂಡನ್ನಿನಲ್ಲಿದ್ದನು. 1844ರಲ್ಲಿ ತನಗೆ ಬರುವ ಕಾಗದಗಳನ್ನು ಯಾರೋ ಮೊದಲೇ ಒಡೆದು ಓದುತ್ತಿದ್ದಾರೆಂಬ ಅನುಮಾನ ಅವನಿಗೆ ಹುಟ್ಟಿತು. ಅನುಮಾನವನ್ನು ಪರೀಕ್ಷಿಸಲು ಆತ ಹೂಡಿದ ಉಪಾಯ ಸರಳವಾದುದು. ಸ್ನೇಹಿತರಿಂದ ತನ್ನ ವಿಳಾಸಕ್ಕೆ ಕಾಗದ ಹಾಕಿಸಿದನು. ಒಂದರೊಳಗೆ ಗಸಗಸೆ, ಇನ್ನೊಂದರಲ್ಲಿ ಮರಳಿನ ಕಣ, ಮತ್ತೊಂದರಲ್ಲಿ ತಲೆಗೂದಲಿನ ಎಳೆ. ಕಾಗದಗಳು ಬಂದವು, ಮುದ್ರೆಯೂ ನೆಟ್ಟಗಿತ್ತು. ಒಳಗೆ ಗಸಗಸೆಯಿಲ್ಲ, ಕೂದಲಿಲ್ಲ! ವಿಯೆನ್ನಾದ ಅರಗಿನ ಪಂಡಿತರಿಗೂ ಗಸಗಸೆ ಕಾಳುಗಳನ್ನು ಎಣಿಸಿಡುವುದು ಕಷ್ಟವಾಗುತ್ತಿತ್ತೇನೋ.

ಆ ವರ್ಷ ಜೂನ್ 14ರಂದು ಡನ್‌ಕೂಂಬ್ ಎಂಬ ಸದಸ್ಯನು ಮ್ಯಾಝಿನಿ ಮತ್ತು ಸಂಗಡಿಗರ ಮನವಿಯನ್ನು ಪಾರ್ಲಿಮೆಂಟಿನ ಮುಂದಿಟ್ಟನು. ಗೃಹಮಂತ್ರಿ ಸರ್ ಜೇಮ್ಸ್ ಗ್ರಹಾಂ, ಮನವಿದಾರರಲ್ಲಿ ಒಬ್ಬನ ಕಾಗದಗಳನ್ನು ತೆರೆಯಲು ತಾನು ಆಜ್ಞೆ ಕೊಟ್ಟದ್ದುಂಟೆಂದು ಒಪ್ಪಿಕೊಂಡನು. ಅದಕ್ಕಿಂತ ಹೆಚ್ಚು ಹೇಳಲು ಸಿದ್ಧನಾಗಲಿಲ್ಲ. ಕಾನೂನಿನ ಪ್ರಕಾರ ಅವನಿಗೆ ಆ ಅಧಿಕಾರವಿತ್ತು. ಆದರೂ ದೇಶದಲ್ಲಿ ಎದ್ದ ಕೋಲಾಹಲ ಅಷ್ಟಿಷ್ಟಲ್ಲ. ಕಾಗದವೊಂದಕ್ಕೆ ಒಂದೇ ಪೆನ್ನಿ ದರದ ಅಂಚೆ 1840ರಲ್ಲಷ್ಟೆ ಜಾರಿಗೆ ಬಂದಿತ್ತು. ಕಾಗದ ಬರೆಯುವುದು ಆಗತಾನೆ ಸಾಮಾನ್ಯರ ಸುಖವಾಗಿತ್ತು. ಅಡುಗೆಯವಳು ಊರಿನ ತಾಯಿಗೆ ಬರೆಯುತ್ತಿದ್ದ ಕಾಲದಲ್ಲಿ, ಇಟಲಿಯವನೊಬ್ಬನ ಕಾಗದ ಒಡೆದದ್ದು ಎಲ್ಲರ ಕಾಗದವನ್ನೂ ಒಡೆದಂತೆ ತೋರಿತು. ಕಾರ್ಲೈಲ್ ಮಹಾಶಯನು ಟೈಮ್ಸ್ ಪತ್ರಿಕೆಗೆ ಬರೆದು ಮ್ಯಾಝಿನಿಯ ಸಜ್ಜನಿಕೆಗೆ ಸಾಕ್ಷಿ ನುಡಿದನು. ಜನರು ಲಕೋಟೆಯ ಮೇಲೆ "ಇದನ್ನು ಗ್ರಹಾಂ ಮಾಡಬಾರದು" ಎಂದು ಬರೆಯಲಾರಂಭಿಸಿದರು. ಮಂತ್ರಿಯ ಹೆಸರೇ ಕ್ರಿಯಾಪದವಾಯಿತು! ವ್ಯಾಕರಣ ಪಾಠ ಹೇಳುವವನಾದ ನನಗೆ ಇದಕ್ಕಿಂತ ಕಠಿನವಾದ ದಂಡನೆ ತೋಚದು.

ಇನ್ನೊಂದು ಆಪಾದನೆ ಇದಕ್ಕಿಂತ ಘೋರವಾಗಿತ್ತು. ಆ ಜುಲೈ 25ರಂದು ಬಂದಿಯೇರಾ ಸೋದರರು ಸಂಗಡಿಗರೊಡನೆ ದಕ್ಷಿಣ ಇಟಲಿಯಲ್ಲಿ ಗುಂಡಿಗೆ ಬಲಿಯಾದರು. ಅವರು ಮ್ಯಾಝಿನಿಯೊಡನೆ ಪತ್ರವ್ಯವಹಾರ ಇಟ್ಟುಕೊಂಡಿದ್ದವರು. ಲಂಡನ್ನಿನಲ್ಲಿ ಓದಿದ ಕಾಗದಗಳ ಸುದ್ದಿಯೇ ಆ ತರುಣರನ್ನು ಕೊಂದಿತೆಂದು ಜನ ಆಡಿಕೊಂಡರು. ಸುದ್ದಿ ಪರರಾಜ್ಯಕ್ಕೆ ಹೋದದ್ದು ನಿಜ, ಆದರೆ ಯಾರನ್ನೂ ಅಪಾಯಕ್ಕೆ ಗುರಿಮಾಡುವ ವಿವರಗಳು ಅದರಲ್ಲಿರಲಿಲ್ಲ ಎಂದು ಪಾರ್ಲಿಮೆಂಟಿನ ಸಮಿತಿ ಹೇಳಿತು. ಆ ಸೋದರರನ್ನು ಜೊತೆಗಾರನೊಬ್ಬನೇ ಹಿಡಿದುಕೊಟ್ಟನೆಂಬುದೂ ಚರಿತ್ರೆಯಲ್ಲಿದೆ. ನ್ಯಾಯವಾಗಿ ಹೇಳಬೇಕಾದರೆ ಇಷ್ಟನ್ನು ಹೇಳಲೇಬೇಕು. ಕೊನೆಗೆ ಅಂಚೆ ಇಲಾಖೆಯ ಗುಪ್ತ ಕಚೇರಿಯನ್ನು ಮುಚ್ಚಿದರು. ಆಜ್ಞೆ ಹೊರಡಿಸುವ ಅಧಿಕಾರ ಮಾತ್ರ ಕಾನೂನಿನಲ್ಲಿ ಹಾಗೆಯೇ ಉಳಿಯಿತು.

ಅಧಿಕಾರ ಉಳಿದುಕೊಳ್ಳುವ ಈ ರೀತಿ ನಮ್ಮ ದೇಶದಲ್ಲೂ ಕಂಡುಬಂದಿತು. ಬ್ರಿಟಿಷರ 1898ರ ಅಂಚೆ ಕಾಯಿದೆಯ 26ನೆಯ ಕಲಮು, ಸಾರ್ವಜನಿಕ ತುರ್ತು ಅಥವಾ ಶಾಂತಿ ಸುರಕ್ಷತೆಯ ಕಾರಣದಿಂದ ಕಾಗದಗಳನ್ನು ತಡೆಯಲು ಸರ್ಕಾರಕ್ಕೆ ಹಕ್ಕು ಕೊಟ್ಟಿತ್ತು. 1947ರ ಮಾರ್ಚಿಯಲ್ಲಿ ಸಂವಿಧಾನದ ಮೂಲಭೂತ ಹಕ್ಕುಗಳ ಚರ್ಚೆ ನಡೆದಾಗ, ಕನ್ನಡನಾಡಿಗೂ ಸಾಹಿತ್ಯದಿಂದ ಪರಿಚಿತರಾದ ಕೆ. ಎಂ. ಮುನ್ಷಿಯವರು ಪತ್ರವ್ಯವಹಾರದ ಗೋಪ್ಯವನ್ನು ಒಂದು ಹಕ್ಕಾಗಿ ತಮ್ಮ ಕರಡಿನಲ್ಲಿ ಸೇರಿಸಿದ್ದರು. ಅದನ್ನು ವಿರೋಧಿಸಿದವರಲ್ಲಿ ನಮ್ಮ ಮಂಗಳೂರಿನ ಬೆನಗಲ್ ನರಸಿಂಗರಾಯರೂ ಒಬ್ಬರು. ಅಪರಾಧಗಳ ತನಿಖೆಗೆ ಅಡ್ಡಿಯಾಗುತ್ತದೆಂಬುದು ಅವರ ಅಂಜಿಕೆ. ಆ ಹಕ್ಕು ಏಪ್ರಿಲ್ ಹೊತ್ತಿಗೆ ಕರಡಿನಿಂದ ಬಿಟ್ಟುಹೋಯಿತು. ರಾಯರ ಪಾಂಡಿತ್ಯಕ್ಕೆ ತಲೆಬಾಗುವವನಾದರೂ, ಈ ಒಂದು ವಿಷಯದಲ್ಲಿ ಮುನ್ಷಿಯವರ ಮಾತು ನಿಲ್ಲಬೇಕಿತ್ತೆಂದು ನನಗೆ ಅನ್ನಿಸುತ್ತದೆ. 1986ರಲ್ಲಿ ಸರ್ಕಾರದ ಅಧಿಕಾರವನ್ನು ಇನ್ನಷ್ಟು ಹಿಗ್ಗಿಸುವ ಅಂಚೆ ತಿದ್ದುಪಡಿ ಮಸೂದೆ ಎರಡೂ ಸಭೆಗಳಲ್ಲಿ ಪಾಸಾಯಿತು. ರಾಷ್ಟ್ರಪತಿ ಜೈಲ್ ಸಿಂಗರು ಅದಕ್ಕೆ ಸಹಿಯನ್ನೂ ಹಾಕಲಿಲ್ಲ, ಹಿಂದಕ್ಕೂ ಕಳುಹಿಸಲಿಲ್ಲ. ಮೇಜಿನ ಮೇಲೆಯೇ ಇಟ್ಟುಕೊಂಡರು. ಅದು ಎಂದೂ ಕಾನೂನಾಗಲಿಲ್ಲ. 1988ರಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪವೆದ್ದು ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ನೈತಿಕ ಹೊಣೆಯಿಂದ ರಾಜೀನಾಮೆ ಕೊಟ್ಟದ್ದು ಅನೇಕರಿಗೆ ನೆನಪಿರಬೇಕು. ಕೊನೆಗೆ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 86ರ ವಯಸ್ಸಿನಲ್ಲಿ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿದರು. ಕರಡಿನಿಂದ ಬಿಟ್ಟುಹೋದದ್ದು ಕೈಸೇರಲು ಎಪ್ಪತ್ತು ವರ್ಷ ಹಿಡಿಯಿತು.

ಇಷ್ಟೂ ಸರ್ಕಾರಗಳ ಮಾತಾಯಿತು. ಈಗ ಕಾಗದವನ್ನು ಒಯ್ಯುವವರು ಸರ್ಕಾರದ ಅಂಚೆಯಾಳುಗಳಲ್ಲ, ಮಿಂಚಂಚೆಯ ಕಂಪೆನಿಗಳು. 2004ರ ಏಪ್ರಿಲ್ 1ರಂದು ಗೂಗಲ್ ಕಂಪೆನಿ ಜಿಮೇಲ್ ಎಂಬ ಇಮೇಲ್ ಸೇವೆಯನ್ನು ಸಾರಿತು. ಇತರರು ಎರಡೋ ನಾಲ್ಕೋ ಮೆಗಾಬೈಟುಗಳಷ್ಟು ಜಾಗ ಕೊಡುತ್ತಿದ್ದಾಗ ಇವರು ಒಂದು ಗಿಗಾಬೈಟನ್ನೇ ಪುಕ್ಕಟೆಯಾಗಿ ಕೊಟ್ಟರು. ಪುಕ್ಕಟೆಯ ಬೆಲೆಯೇನೆಂದರೆ, ಬರುವ ಕಾಗದದ ಮಾತುಗಳನ್ನು ಯಂತ್ರವು ಜಾಲಾಡಿ, ಅದಕ್ಕೆ ಹೊಂದುವ ಜಾಹೀರಾತನ್ನು ಪಕ್ಕದಲ್ಲಿ ಅಂಟಿಸುವುದು. ಮಗಳ ಮದುವೆಯ ಮಾತು ಬರೆದರೆ ಪಕ್ಕದಲ್ಲಿ ಒಡವೆಯ ಅಂಗಡಿ ಬರಬಹುದು. ಆ ತಿಂಗಳೇ 31 ಸಂಸ್ಥೆಗಳು ಒಟ್ಟಾಗಿ ಆಕ್ಷೇಪ ಎತ್ತಿದವು. ಓದುವುದು ಯಂತ್ರ, ಮನುಷ್ಯನಲ್ಲ ಎಂಬುದು ಕಂಪೆನಿಯ ಸಮಾಧಾನ.

ಈ ಸಮಾಧಾನವನ್ನು ತೂಗಿ ನೋಡೋಣ. ಮೋಸದ ಕಾಗದವನ್ನೂ ವೈರಸ್ಸನ್ನೂ ಯಂತ್ರ ಹುಡುಕಿ ತಡೆದರೆ ಯಾರ ತಕರಾರೂ ಇಲ್ಲ. ಅದು ಬಾಗಿಲ ಕಾವಲು. ಓದಿದ್ದರಿಂದ ನಾವೆಂಥವರು, ನಮಗೇನು ಬೇಕು ಎಂದು ತಿಳಿದು ಅದನ್ನು ಮಾರಾಟಕ್ಕೆ ಬಳಸಿದರೆ ಅದು ಕಾವಲಲ್ಲ. ಓದಿದ್ದು ಕಣ್ಣೋ ಯಂತ್ರವೋ ಎಂಬುದಕ್ಕಿಂತ, ಓದಿದ್ದರಿಂದ ಲಾಭ ಯಾರಿಗೆ ಎಂಬುದು ಮುಖ್ಯ. ವಿಯೆನ್ನಾದ ಕೋಣೆಗೆ ದಿನಕ್ಕೊಂದು ಚೀಲವನ್ನು ಓದುವ ಶಕ್ತಿಯಿತ್ತು. ಯಂತ್ರಕ್ಕೆ ಮಿತಿಯಿಲ್ಲ, ಆಯಾಸವಿಲ್ಲ, ಗಸಗಸೆಯನ್ನು ಚೆಲ್ಲುವ ಭಯವೂ ಇಲ್ಲ.

ಸಮ್ಮತಿಯ ಮಾತು ಇನ್ನೂ ತೊಡಕಿನದು. ಖಾತೆ ತೆರೆದವನು ಕಂಪೆನಿಯ ಷರತ್ತುಗಳಿಗೆ ಒಪ್ಪಿದ್ದಾನೆ, ಓದದೆಯೇ ಒಪ್ಪಿದ್ದಾನೆ, ಹೋಗಲಿ. ಅವನಿಗೆ ಬೇರೊಂದು ಕಂಪೆನಿಯ ಖಾತೆಯಿಂದ ಕಾಗದ ಬರೆದವನು ಯಾವ ಷರತ್ತಿಗೆ ಒಪ್ಪಿದ್ದಾನೆ? 2013ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಈ ಪ್ರಶ್ನೆಯೇ ಎದ್ದಿತು. ವ್ಯಾಪಾರಿಯೊಬ್ಬನಿಗೆ ಬರೆದ ಕಾಗದವನ್ನು ಅವನ ಸಹಾಯಕ ತೆರೆದರೆ ಬರೆದವನು ಆಶ್ಚರ್ಯಪಡಲಾಗದು, ಇದೂ ಹಾಗೆಯೇ ಎಂದು ಗೂಗಲ್‌ನ ವಕೀಲರು ವಾದಿಸಿದರು. ಚಮತ್ಕಾರದ ವಾದ! ಆದರೆ ಸಹಾಯಕನಿಗೆ ಸಂಬಳ ಕೊಡುವವನು ಯಜಮಾನ. ಇಲ್ಲಿ ಸಹಾಯಕನಿಗೆ ದುಡ್ಡು ಕೊಡುವವರು ಅಂಗಡಿಕಾರರು. ನಮ್ಮ ಹಳ್ಳಿಗಳಲ್ಲಿ ಅಕ್ಷರ ಬಾರದವರಿಗೆ ಅಂಚೆಯವನೇ ಕಾಗದ ಓದಿ ಹೇಳುತ್ತಿದ್ದನು. ಓದಪ್ಪಾ ಎಂದು ಮನೆಯವರು ಕೇಳಿದ ಮೇಲೆ, ಅವರ ಜಗಲಿಯಲ್ಲಿ ಕುಳಿತು ಓದುತ್ತಿದ್ದನು. ಓದಿದ್ದನ್ನು ಹಿಡಿದು ಬಟ್ಟೆ ಅಂಗಡಿಯವನ ಹತ್ತಿರ ಹೋಗುತ್ತಿರಲಿಲ್ಲ. ನ್ಯಾಯಾಧೀಶೆ ಲೂಸಿ ಕೋ ಅವರು ಆ ಸೆಪ್ಟೆಂಬರಿನಲ್ಲಿ ಮೊಕದ್ದಮೆಯನ್ನು ವಜಾ ಮಾಡಲು ಒಪ್ಪಲಿಲ್ಲ. ಮುಂದಿನ ವರ್ಷ, ಬಳಕೆದಾರರೆಲ್ಲರನ್ನೂ ಒಂದೇ ಗುಂಪೆಂದು ಎಣಿಸಲಾಗದೆಂದು ಅವರೇ ತೀರ್ಮಾನಿಸಿದ್ದರಿಂದ ಆ ದಾವೆಯ ಬಲ ಕುಗ್ಗಿತು. ಈ ನಡುವೆ 2016ರ ಅಕ್ಟೋಬರಿನಲ್ಲಿ, ಯಾಹೂ ಕಂಪೆನಿಯು ಅಮೆರಿಕದ ಗುಪ್ತಚರ ಇಲಾಖೆಗಾಗಿ ತನ್ನ ಬಳಕೆದಾರರಿಗೆ ಬರುವ ಇಮೇಲುಗಳನ್ನೆಲ್ಲ ಹಿಂದಿನ ವರ್ಷ ಜಾಲಾಡಿತ್ತೆಂದು ರಾಯಿಟರ್ಸ್ ಸುದ್ದಿಸಂಸ್ಥೆ ಬಯಲು ಮಾಡಿತು. ವರದಿ ದಾರಿತಪ್ಪಿಸುವಂಥದೆಂದು ಕಂಪೆನಿ ಹೇಳಿತು. ಕಂಪೆನಿಯ ಕೋಣೆಗೂ ಸರ್ಕಾರದ ಕೋಣೆಗೂ ನಡುವೆ ಬಾಗಿಲಿರಬಹುದೆಂಬ ಅನುಮಾನಕ್ಕೆ ಇದು ಸಾಕು.

2017ರ ಜೂನ್‌ನಲ್ಲಿ ಗೂಗಲ್ ಕಂಪೆನಿಯು ಜಾಹೀರಾತಿಗಾಗಿ ಜಿಮೇಲ್ ಓದುವುದನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಹದಿಮೂರು ವರ್ಷಗಳ ಆಕ್ಷೇಪಣೆ ವ್ಯರ್ಥವಾಗಲಿಲ್ಲ. ಯಂತ್ರ ಓದುವುದು ನಿಂತಿತೆಂದಲ್ಲ. ಉತ್ತರದ ಒಕ್ಕಣೆಯನ್ನು ಸೂಚಿಸಲು, ರೈಲಿನ ಟಿಕೆಟ್ಟನ್ನೂ ಬಿಲ್ಲನ್ನೂ ಗುರುತಿಸಿ ನೆನಪಿಸಲು ಅದು ಈಗಲೂ ಒಳಗಣ್ಣಿಟ್ಟು ನೋಡುತ್ತದೆ. ಈ ಸೌಕರ್ಯ ಬೇಕೋ ಬೇಡವೋ ಎಂದು ಆರಿಸಿಕೊಳ್ಳುವ ಗುಂಡಿಯೊಂದು 2020ರ ಕೊನೆಯಿಂದ ಜಿಮೇಲ್‌ನ ಸೆಟ್ಟಿಂಗ್ಸ್ ಪುಟದಲ್ಲಿದೆ. ಐರೋಪ್ಯ ದೇಶಗಳು, ಬ್ರಿಟನ್, ಜಪಾನ್ ಇವುಗಳ ನಿವಾಸಿಗಳಿಗೆ ಕಂಪೆನಿಯು ಅದನ್ನು ಮೊದಲಿಗೇ ಮುಚ್ಚಿಟ್ಟಿರುತ್ತದೆ, ಬೇಕಾದವರು ತೆರೆದುಕೊಳ್ಳಬೇಕು. ನಮ್ಮ ಹೆಸರು ಆ ಪಟ್ಟಿಯಲ್ಲಿಲ್ಲ. ಬೇಡವಾದವರು ತಾವೇ ಹುಡುಕಿ ಮುಚ್ಚಬೇಕು.